ಗಂಟಲು ಹಿಡಿಯುವ ಎಣ್ಣೆ

ಆಲಿವ್ ಎಣ್ಣೆಯನ್ನು ಅಂಗಡಿಯಲ್ಲಿ ಇಟ್ಟ ದಿನದಿಂದ ನನ್ನನ್ನು ಬೈಯಲು ಊರಿಗೆ ಒಂದು ಹೊಸ ಕಾರಣ ಸಿಕ್ಕಿತು. ಹಳೆಯ ಕಾರಣಗಳಿಗೇನೂ ಬರವಿರಲಿಲ್ಲ ಬಿಡಿ. ಹೆಂಗಸು ಗಲ್ಲಾದ ಮುಂದೆ ಕೂರುತ್ತಾಳೆ, ಬಾಯಿ ಜೋರು, ಚೌಕಾಸಿ ಮಾಡಿದರೆ ಕನ್ನಡಕದ ಮೇಲಿಂದ ನೋಡುತ್ತಾಳೆ, ಇವೆಲ್ಲ ಮೊದಲಿನಿಂದಲೂ ಇದ್ದವು. ಇವುಗಳಲ್ಲಿ ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಕಲಬೆರಕೆ ಮಾಲು ಮಾರುತ್ತಾಳೆ ಅಂದರೆ ಮಾತ್ರ ನನಗೆ ಮೈ ಉರಿಯುತ್ತದೆ. ಒಂದು ಚಳಿಗಾಲದಲ್ಲಿ ಆ ಮಾತೂ ಬಂತು.

ನಮ್ಮದು ಸಕಲೇಶಪುರದಲ್ಲಿ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗಿರುವ ದಿನಸಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮಾವನವರ ತಂದೆ ಶುರು ಮಾಡಿದ್ದು. ಶೈವರ ಮನೆ, ಹಾಗಾಗಿ ಮೊಟ್ಟೆ ಇಡುವುದಿಲ್ಲ, ಉಳಿದದ್ದೆಲ್ಲ ಉಂಟು. ನನ್ನ ಗಂಡ ಕಾಫಿ, ಮೆಣಸಿನ ವ್ಯಾಪಾರ ಅಂತ ಎಸ್ಟೇಟುಗಳನ್ನು ಸುತ್ತುತ್ತಾರೆ, ಅಂಗಡಿಗೆ ಅವರೂ ಒಬ್ಬ ಗಿರಾಕಿ ಅಷ್ಟೇ. ಮಕ್ಕಳು ದೊಡ್ಡವರಾದ ಮೇಲೆ ಗಲ್ಲಾ ನನ್ನ ಕೈಗೆ ಬಂತು. ಪಕ್ಕದಲ್ಲಿ ಒಂದು ಬೆತ್ತದ ಕುರ್ಚಿ, ಅದರಲ್ಲಿ ಮಾವನವರು. ಹಣೆ ತುಂಬ ವಿಭೂತಿ, ಮಡಿಲಲ್ಲಿ ಪೇಪರು. ಮಾಲು ಬಂದರೆ ಮೊದಲು ಅವರ ಕೈಗೆ ಹೋಗಬೇಕು, ಅವರು ಒಪ್ಪಿದ ಮೇಲೆ ಒಳಗೆ. ಇದು ಅಂಗಡಿಯ ಕಟ್ಟಳೆ.

ಆಲಿವ್ ಎಣ್ಣೆ ಬೇಕು ಅಂದವರು ಹೊಂಗಡಹಳ್ಳದ ಕಡೆಯ ಹೋಂಸ್ಟೇಯವರು. ಬಿಸಿಲೆ ದಾರಿಯಲ್ಲಿ ಮನೆಗೊಂದು ಬೋರ್ಡು ಬಿದ್ದ ಕಾಲ. ಬಂದ ಅತಿಥಿಗಳು ಬೆಳಿಗ್ಗೆ ಅಕ್ಕಿ ರೊಟ್ಟಿ ತಿಂದರೂ ರಾತ್ರಿಗೆ ಹಸಿ ತರಕಾರಿ ಹೆಚ್ಚಿಕೊಂಡು ಅದರ ಮೇಲೆ ಈ ಎಣ್ಣೆ ಹಾಕಿಕೊಳ್ಳಬೇಕಂತೆ. ಇದಕ್ಕಾಗಿ ಹೋಂಸ್ಟೇಯವರು ಹಾಸನಕ್ಕೆ ಹೋಗುತ್ತಿದ್ದರು. ಹಾಸನದವನು ಮಾರಬಹುದಾದರೆ ನಾನ್ಯಾಕೆ ಮಾರಬಾರದು ಅಂತ ತರಿಸಿದೆ. ನಮ್ಮೂರಿನವರಿಗೆ ಆಲಿವ್ ಅಂದರೆ ಮೆಡಿಕಲ್ ಶಾಪಿನ ಪುಟ್ಟ ಡಬ್ಬ, ಎಳೆ ಮಗುವಿನ ಮೈಗೆ ತಿಕ್ಕುವುದು. "ಹಚ್ಚೋ ಎಣ್ಣೇನ ತಿನ್ನಕ್ಕೆ ಮಾರ್ತೀಯಲ್ಲಕ್ಕ, ಪಾಪ ಬರಲ್ವಾ?" ಅಂತ ಒಬ್ಬರು ಕೇಳಿದರು. "ಕೊಬ್ಬರಿ ಎಣ್ಣೇನ ತಲೆಗೂ ಹಚ್ತೀರ, ಒಗ್ಗರಣೆಗೂ ಹಾಕ್ತೀರ, ಅದಕ್ಕೆ ಬರೋ ಪಾಪ ಇದಕ್ಕೂ ಬರ್ಲಿ ಬುಡ್ರೀ" ಅಂದೆ.

ಸೀಲು ಹಾಕಿ ಬರುವ ಬಾಟಲಿ ಮಾವನವರ ಕೈಗೆ ಹೋಗುವುದಿಲ್ಲ, ಆದರೆ ನಾನು ತಿಂದು ನೋಡದ್ದನ್ನು ಮಾರುವವಳಲ್ಲ. ಏಜೆಂಟು ಮೊದಲು ಮೂರು ನಮೂನೆಯ ಬಾಟಲಿ ತಂದು ಸಾಲಾಗಿ ನಿಲ್ಲಿಸಿ, "ಎಲ್ಲಾ ಒಂದೇ ಅಕ್ಕ, ಹೆಸರಷ್ಟೇ ಬೇರೆ" ಅಂದ. ಒಂದೇ ಆದರೆ ರೇಟು ಯಾಕೆ ಬೇರೆ ಅಂತ ಕೇಳಿದ್ದಕ್ಕೆ ತಲೆ ಕೆರೆದುಕೊಂಡ. ಮೂರನ್ನೂ ಮೂರು ಬಟ್ಟಲಿಗೆ ಸುರಿದುಕೊಂಡು ಒಳಗೆ ಹೋಗಿ ಕೂತೆ. ಒಂದಕ್ಕೆ ವಾಸನೆಯೇ ಇಲ್ಲ, ನೀರು ಕುಡಿದ ಹಾಗೆ. ಇನ್ನೊಂದು ಹಳೇ ಕಡಲೆಬೀಜದ ಡಬ್ಬದ ಮುಚ್ಚಳ ತೆಗೆದಂತೆ ಕಮಟು. ಮೂರನೆಯದರಲ್ಲಿ ಹಸಿ ಹುಲ್ಲು ಕೊಯ್ದಾಗ ಬರುವ ವಾಸನೆ ಇತ್ತು, ನಾಲಿಗೆಗೆ ಕಹಿ, ನುಂಗಿದ ಮೇಲೆ ಗಂಟಲಲ್ಲಿ ಕಾಳುಮೆಣಸು ಸಿಕ್ಕಿಕೊಂಡ ಹಾಗೆ ಚುರುಕು. ಕೆಮ್ಮು ಬಂತು. ಸಿಟ್ಟೂ ಬಂತು. ಅತ್ಯಂತ ದುಬಾರಿಯದೇ ಹೀಗಿದೆಯಲ್ಲ ಅಂತ.

ಆದರೆ ಆ ಕಹಿ ನನಗೆ ಪೂರ್ತಿ ಹೊಸದಾಗಿರಲಿಲ್ಲ. ನನ್ನ ತವರು ಕೆ. ಹೊಸಕೋಟೆಯ ಹತ್ತಿರ. ಅಲ್ಲಿ ರಾಗಿ ಹೊಲದ ಅಂಚಿನಲ್ಲಿ ಹುಚ್ಚೆಳ್ಳು ಹಾಕುತ್ತಿದ್ದರು, ಅಪ್ಪನ ಜೊತೆ ನಾನೂ ಗಾಣಕ್ಕೆ ಹೋಗುತ್ತಿದ್ದೆ. ಆಗತಾನೆ ಇಳಿದ ಹುಚ್ಚೆಳ್ಳೆಣ್ಣೆಯನ್ನು ಬೆಲ್ಲದ ಚೂರಿನ ಮೇಲೆ ಬಿಟ್ಟು ಕೊಡುತ್ತಿದ್ದರು. ಅದರಲ್ಲೂ ಒಂದು ಎಳೆ ಕಹಿ, ಅದು ಇಲ್ಲದಿದ್ದರೆ ಹಳೇ ಕಾಳು ಸೇರಿಸಿದ್ದಾರೆ ಅಂತ ಅಪ್ಪ ಗಾಣದವರ ಮೇಲೆ ಕೂಗಾಡುತ್ತಿದ್ದರು. ಆದ್ದರಿಂದ ನಾನು ಕಹಿಗೆ ಹೆದರಲಿಲ್ಲ. ಫೋನಿನಲ್ಲಿ ಓದಿದೆ, ಎಣ್ಣೆ ಬಲ್ಲವರನ್ನು ಹುಡುಕಿ ಹುಡುಕಿ ಕೇಳಿದೆ. ಆಲಿವ್ ಕಾಯಿಯನ್ನು ಬಿಸಿ ತಾಗಿಸದೆ ಹಿಂಡಿ ತೆಗೆದ ತಾಜಾ ಎಣ್ಣೆಗೆ ಕಹಿ ಇರಬೇಕು, ಗಂಟಲು ಹಿಡಿಯಬೇಕು, ಅದೇ ಅದರ ಆರೋಗ್ಯ ಅಂತ ತಿಳಿಯಿತು.

ಪೋಮೇಸ್ ಅಂತ ಬರೆದಿದ್ದರೆ ಅದು ಒಮ್ಮೆ ಹಿಂಡಿದ ಮೇಲೆ ಉಳಿದ ಹಿಂಡಿಯಿಂದ ರಾಸಾಯನಿಕ ಹಾಕಿ ಮತ್ತೆ ಎಳೆದ ಎಣ್ಣೆ. ನಮ್ಮಲ್ಲಿ ಹಿಂಡಿ ಹಸುವಿಗೆ ಹಾಕುತ್ತೇವೆ, ಅವರು ಅದರಿಂದಲೂ ಎಣ್ಣೆ ತೆಗೆದು ಚೆಂದದ ಬಾಟಲಿಗೆ ತುಂಬುತ್ತಾರೆ. ಕರಿಯಲಿಕ್ಕೆ ಆದೀತು, ವಿಷವೇನಲ್ಲ, ಆದರೆ ಅದನ್ನು ಎಕ್ಸ್‌ಟ್ರಾ ವರ್ಜಿನ್, ಅಂದರೆ ಆ ಕಹಿ ಎಣ್ಣೆಯ, ರೇಟಿಗೆ ಕೊಂಡವರು ಮೋಸ ಹೋದಂತೆ. ಲೈಟ್ ಅಂತ ಬರೆದದ್ದನ್ನು ಕೊಬ್ಬು ಕಮ್ಮಿ ಅಂದುಕೊಂಡು ಒಯ್ಯುವವರೂ ಇದ್ದಾರೆ. ಅದರಲ್ಲಿ ಕಮ್ಮಿಯಿರುವುದು ಬಣ್ಣ ಮತ್ತು ರುಚಿ ಮಾತ್ರ. ಬೆಳಕು ಬಿದ್ದರೆ ಕೆಡುತ್ತದೆ, ಹಾಗಾಗಿ ಬಿಳಿ ಗಾಜಿನದು ನಾನು ಮುಟ್ಟುವುದಿಲ್ಲ, ಕಪ್ಪು ಬಾಟಲಿ ಇಲ್ಲವೇ ಡಬ್ಬ. ಯಾವಾಗ ಹಿಂಡಿದ್ದು ಅಂತ ಹಾಕಿದ್ದರೆ ಇನ್ನೂ ಒಳ್ಳೆಯದು. ತೆರೆದ ಮೇಲೆ ಬೇಗ ಮುಗಿಸಬೇಕು. ದೊಡ್ಡ ಡಬ್ಬ ಕೇಳಿದ ಗಿರಾಕಿಗೆ ಚಿಕ್ಕದು ಒಯ್ಯಿರಿ ಅಂತ ಹೇಳುವ ದಿನಸಿಯವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು, ಅದಕ್ಕೂ ಬೈಸಿಕೊಂಡಿದ್ದೇನೆ.

ಹೀಗೆ ಆರಿಸಿ ತಂದ ಎಣ್ಣೆ ಮೊದಮೊದಲು ವಾಪಸ್ಸು ಬರುತ್ತಿತ್ತು. "ಕಮಟಾಗ್ಬುಟ್ಟೈತೆ ಕಣಕ್ಕ, ಗಂಟ್ಲು ಹಿಡ್ಕಂಬುಡ್ತದೆ." ಅವರ ತಪ್ಪಲ್ಲ. ಇಲ್ಲಿ ಕಡಲೆಕಾಯಿ ಎಣ್ಣೆ ಹಳತಾದರೆ ಗಂಟಲು ಹಿಡಿಯುತ್ತದೆ, ಎಣ್ಣೆ ಕೆಟ್ಟಿದೆ ಅಂತ ಅದರಿಂದಲೇ ತಿಳಿಯುವುದು. ಕೆಟ್ಟ ಕಡಲೆ ಎಣ್ಣೆಯ ಗುರುತೇ ಒಳ್ಳೆಯ ಆಲಿವ್ ಎಣ್ಣೆಯ ಗುರುತೂ ಆಗಿಬಿಟ್ಟರೆ ನಾನೇನು ಮಾಡಲಿ? ಒಬ್ಬೊಬ್ಬರಿಗೂ ಹೇಳಿದೆ, ಚಮಚದಲ್ಲಿ ಹಾಕಿ ಕೊಟ್ಟೆ, ಮೂಸಿ ನೋಡಿ ಅಂದೆ. ಕಮಟು ಮೂಗಿಗೆ ಹೊಡೆಯುತ್ತದೆ, ಇದು ಗಂಟಲಿಗೆ ಮಾತ್ರ ಹೊಡೆಯುತ್ತದೆ, ಅಷ್ಟು ವ್ಯತ್ಯಾಸ. ನಿಧಾನವಾಗಿ ಹೋಂಸ್ಟೇಯವರು ಒಗ್ಗಿಕೊಂಡರು. ಎಣ್ಣೆಯ ಜೊತೆಗೆ ಬೇಳೆ, ಅಕ್ಕಿ, ಸಕ್ಕರೆ ಎಲ್ಲವನ್ನೂ ನನ್ನಲ್ಲೇ ಬರೆಸತೊಡಗಿದರು. ಅಂಗಡಿ ಅವರ ಮೇಲೆಯೇ ನಿಂತಿತು ಅಂದರೂ ಸರಿ.

ಸುದ್ದಿಗಳ ಕಾಟ ನನಗೆ ಆಗಲೇ ಅಭ್ಯಾಸವಾಗಿತ್ತು. ಅಕ್ಕಿಯಲ್ಲಿ ಪ್ಲಾಸ್ಟಿಕ್ಕು, ಸಕ್ಕರೆಯಲ್ಲಿ ಪ್ಲಾಸ್ಟಿಕ್ಕು, ಎಲೆಕೋಸಿನಲ್ಲಿ ಪ್ಲಾಸ್ಟಿಕ್ಕು. ಸೊಸೈಟಿಯ ಅಕ್ಕಿಯಲ್ಲಿ ಸತ್ವ ಸೇರಿಸಿದ ಕಾಳು ನೀರಿನಲ್ಲಿ ತೇಲಿತು ಅಂತ ಅಷ್ಟನ್ನೂ ಆರಿಸಿ ಕೋಳಿಗೆ ಹಾಕಿದ ಮಹಾತಾಯಂದಿರಿದ್ದಾರೆ, ಕೋಳಿಗಳು ಗುಂಡಗಾದವು. ಪ್ಲಾಸ್ಟಿಕ್ಕು ಅಕ್ಕಿಗಿಂತ ದುಬಾರಿ ಮಾರಾಯ, ಅದನ್ನು ಅಕ್ಕಿಗೆ ಬೆರೆಸಿ ಯಾರು ಉದ್ಧಾರವಾಗುತ್ತಾರೆ ಅಂತ ಕೇಳಿದರೆ ಇನ್ನೊಂದು ವೀಡಿಯೋ ತೋರಿಸುತ್ತಾರೆ. ನಾನು ಕೇಳುವುದು ಇಷ್ಟೇ: ಕಣ್ಣಾರೆ ಕಂಡವರು ಯಾರು, ಯಾವ ಊರು, ಬೆರೆಸಿದರೆ ಯಾರಿಗೆ ಲಾಭ? ಉತ್ತರ ಸಿಕ್ಕರೆ ಹೆದರುತ್ತೇನೆ. ಹೆದರಿದ್ದೂ ಉಂಟು. ಮೆಣಸಿನಪುಡಿಯ ಚೀಲವೊಂದು ಕೈಗೆ ಬಣ್ಣ ಬಿಟ್ಟಾಗ ಯಾರ ವೀಡಿಯೋವನ್ನೂ ಕಾಯದೆ ಕಳಿಸಿದವನಿಗೇ ಲಾರಿಯಲ್ಲಿ ವಾಪಸ್ ಏರಿಸಿದ್ದೆ. ಕಲಬೆರಕೆ ಇಲ್ಲ ಅಂತ ನಾನು ಎಂದೂ ಹೇಳಿಲ್ಲ. ಗಾಳಿ ಮಾತಿಗೆ ಹೆದರುವುದಿಲ್ಲ, ಅಷ್ಟೇ.

ಮಾವನವರ ಮೂಗಿನ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಎಣ್ಣೆಯ ಡಬ್ಬ ಬಂದರೆ ಅವರದು ಒಂದು ಕ್ರಮ. ಮುಚ್ಚಳ ತೆಗೆಸಿ, ಅಂಗೈ ಮೇಲೆ ಒಂದು ತೊಟ್ಟು ಬಿಡಿಸಿಕೊಂಡು, ಇನ್ನೊಂದು ಅಂಗೈಯಿಂದ ಉಜ್ಜಿ, ಮೂಗಿಗೆ ಹಿಡಿದು ಕಣ್ಣು ಮುಚ್ಚುವರು. ಆಮೇಲೆ ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ "ಆಗ್ಲಿ" ಅನ್ನುವರು. ಆಗ್ಲಿ ಅಂದರೆ ಮಾಲು ಒಳಗೆ. ಅವರ ಆಗ್ಲಿಯ ಮೇಲೆ ಊರಿಗೆ ಎಷ್ಟು ನಂಬಿಕೆ ಅಂದರೆ ಬೇರೆ ಅಂಗಡಿಯಲ್ಲಿ ಕೊಂಡ ತುಪ್ಪವನ್ನೂ ಇವರ ಮುಂದೆ ತಂದು ಮೂಸಿಸಿಕೊಂಡು ಹೋಗುವವರಿದ್ದರು. ನಮ್ಮ ಅಂಗಡಿಯ ಹೆಸರು ನಿಂತಿದ್ದೇ ಆ ಮೂಗಿನ ಮೇಲೆ.

ಊರಿಗೂರೇ ಬಾಗಿಲು ಹಾಕಿಕೊಂಡ ಆ ದೊಡ್ಡ ಜ್ವರದ ವರ್ಷ ಅವರಿಗೂ ಬಂದು ಹೋಯಿತು. ಎದ್ದು ಮತ್ತೆ ಕುರ್ಚಿಗೆ ಬಂದರು. ಆಮೇಲೊಂದು ದಿನ ಕಡಲೆಕಾಯಿ ಎಣ್ಣೆಯ ಡಬ್ಬ ಬಿಚ್ಚಿದಾಗ ಅದರ ಕಮಟು ಗಲ್ಲಾದಲ್ಲಿ ಕೂತಿದ್ದ ನನ್ನವರೆಗೂ ಬಂತು. ಮಾವನವರು ಉಜ್ಜಿದರು, ಮೂಗಿಗೆ ಹಿಡಿದರು, ಕಣ್ಣು ಮುಚ್ಚಿದರು. "ಆಗ್ಲಿ" ಅಂದರು. ಅವರು ಒಳಗೆ ಊಟಕ್ಕೆ ಹೋದಾಗ ಆ ಡಬ್ಬಗಳನ್ನು ಸದ್ದಿಲ್ಲದೆ ವಾಪಸ್ ಕಳಿಸಿದೆ. ಊಟ ಮುಗಿಸಿ ಬಂದ ಮಾವನವರು ಖಾಲಿ ಜಾಗ ನೋಡಿ ಕುರ್ಚಿಗೆ ಹೋಗಿ ಕೂತರು. ಅಂದಿನಿಂದ ಅವರು ಆಗ್ಲಿ ಅನ್ನುವುದಕ್ಕೆ ಮೊದಲು ನನ್ನ ಕಡೆ ಒಂದು ಸಲ ನೋಡುವರು, ನಾನು ತಲೆಯಾಡಿಸಿದರೆ ಆಗ್ಲಿ, ಇಲ್ಲದಿದ್ದರೆ ಕೈ ಒರೆಸಿಕೊಂಡು "ಬ್ಯಾಡ" ಅನ್ನುವರು. ಈ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿಕೊಂಡಿರಲಿಲ್ಲ. ಗಂಡನಿಗೂ ಹೇಳಲಿಲ್ಲ. ಊಟದಲ್ಲಿ ಅವರು ಬರಬರುತ್ತಾ ಅರ್ಧ ಮುದ್ದೆಗೇ ಕೈ ತೊಳೆಯತೊಡಗಿದರು. ಏನು ಬಡಿಸಿದರೂ ಮಣ್ಣು ತಿಂದ ಹಾಗೆ ತಿನ್ನುವರು.

ಹೀಗಿರುವಾಗ ಚಳಿಗಾಲ ಬಂತು, ವೀಡಿಯೋ ಬಂತು.

ನಮ್ಮ ಕಡೆ ಕೊಬ್ಬರಿ ಎಣ್ಣೆಗೆ ಒಂದು ಪರೀಕ್ಷೆ ಇದೆ. ಡಿಸೆಂಬರ್ ಚಳಿಗೆ ಬಾಟಲಿಯಲ್ಲಿ ಗಡ್ಡೆ ಕಟ್ಟಿದರೆ ಶುದ್ಧ, ಕಟ್ಟದಿದ್ದರೆ ಬೆರಕೆ. ಬೆಳಿಗ್ಗೆ ಸ್ನಾನಕ್ಕೆ ಮೊದಲು ಹಂಡೆ ಒಲೆಯ ಪಕ್ಕ ಬಾಟಲಿ ಇಟ್ಟು ಕರಗಿಸಿಕೊಳ್ಳುವುದೇ ಇಲ್ಲಿಯವರಿಗೆ ಒಂದು ಸಮಾಧಾನ, ಎಣ್ಣೆ ಒಳ್ಳೆಯದು ಅಂತ. ಆ ವೀಡಿಯೋದಲ್ಲಿ ಯಾರೋ ಒಬ್ಬ ಆಲಿವ್ ಎಣ್ಣೆಯ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು, "ಗಟ್ಟಿಯಾಗಿಲ್ಲ ನೋಡಿ, ಇದು ವಿಷ" ಅಂತ ಅರಚುತ್ತಿದ್ದ. ಬೇರೆಯವರು ನಂಬುತ್ತಿದ್ದರೋ ಇಲ್ಲವೋ, ನಮ್ಮವರಿಗೆ ಮಾತ್ರ ಅದು ಹುಟ್ಟಿದಾಗಿನಿಂದ ಗೊತ್ತಿರುವ ಸತ್ಯದ ಹಾಗೆ ಕೇಳಿಸಿತು. ಊರಿಗೂರೇ ಫ್ರಿಜ್ಜಿನಲ್ಲಿ ಎಣ್ಣೆ ಇಟ್ಟಿತು.

ಹೊಂಗಡಹಳ್ಳದ ಹತ್ತಿರ ದೊಡ್ಡ ತೋಟ, ದೊಡ್ಡ ಹೋಂಸ್ಟೇ ಇಟ್ಟುಕೊಂಡಿರುವ ಒಬ್ಬ ಮೇಡಂ ನನ್ನ ಮೊದಲ ಗಿರಾಕಿ. ಅವರ ಮನೆಯ ಫ್ರಿಜ್ಜಿನಲ್ಲಿ ನನ್ನ ಎಣ್ಣೆ ಗಟ್ಟಿಯಾಗಲಿಲ್ಲ. ಅವರು ನನಗೆ ಫೋನು ಮಾಡಲಿಲ್ಲ, ನೇರವಾಗಿ ಹೋಂಸ್ಟೇಯವರ ವಾಟ್ಸಾಪ್ ಗುಂಪಿಗೆ ಬಾಟಲಿಯ ಫೋಟೋ ಹಾಕಿ, ಎಲ್ಲಿ ಕೊಂಡದ್ದು ಅಂತಲೂ ಬರೆದರು. ಆ ಗುಂಪಿಗೆ ನನ್ನನ್ನೂ ಸೇರಿಸಿದ್ದರು ಅನ್ನುವುದು ಅವರಿಗೆ ಮರೆತುಹೋಗಿತ್ತೋ ಏನೋ. ಸಂಜೆಯೊಳಗೆ ಇನ್ನೊಬ್ಬರು ತಮ್ಮ ಬಾಟಲಿಯ ಫೋಟೋ ಹಾಕಿದರು, ಅದು ನನ್ನದೇ ಅಂಗಡಿಯ ಬೇರೆ ಎಣ್ಣೆ, ಅದು ಅರ್ಧ ಗಟ್ಟಿಯಾಗಿ ಬೆಳ್ಳಗಾಗಿತ್ತು. ಹಾಗಾದರೆ ಇದಾದರೂ ಶುದ್ಧ ಅನ್ನಬೇಕಲ್ಲ? "ಮೇಣ ಬೆರೆಸಿದ್ದಾರೆ" ಅಂದರು! ಗಟ್ಟಿಯಾಗದಿದ್ದರೆ ವಿಷ, ಗಟ್ಟಿಯಾದರೆ ಮೇಣ. ನಾನು ಮಾರಿದ್ದು ಏನಾದರೂ ಸರಿಯಾಗುವ ದಾರಿಯೇ ಇರಲಿಲ್ಲ.

ಆಲಿವ್ ಕಾಯಿಯಲ್ಲೂ ಜಾತಿ ಹಲವು, ಒಂದು ಗಟ್ಟಿಯಾಗುತ್ತದೆ, ಒಂದು ಆಗುವುದಿಲ್ಲ, ಫ್ರಿಜ್ಜಿನಿಂದ ಏನೂ ಗೊತ್ತಾಗುವುದಿಲ್ಲ ಅಂತ ಗುಂಪಿನಲ್ಲಿ ಬರೆದೆ. ಕಡಲೆಕಾಯಿ ಎಣ್ಣೆ ನಮ್ಮ ಚಳಿಗೆ ಗಡ್ಡೆ ಕಟ್ಟುತ್ತದಾ, ಅದೂ ಬೆರಕೆಯಾ ಅಂತ ಕೇಳಿದೆ. ಸೀಲು ಒಡೆಯದ ಬಾಟಲಿಯೊಂದನ್ನು ಪರೀಕ್ಷೆಗೆ ಲ್ಯಾಬಿಗೆ ಕಳಿಸುತ್ತೇನೆ, ವರದಿ ಬರುವವರೆಗೆ ಬಾಯಿ ಬಿಗಿ ಹಿಡಿಯಿರಿ ಅಂತಲೂ ಬರೆದೆ. ಮರುದಿನವೇ ಕಳಿಸಿದೆ ಕೂಡ. ಸಾಮಾನಿನ ಆರ್ಡರು ಬರುವುದು ನಿಂತಿತು. ಎಣ್ಣೆ ಹೋಗಲಿ, ಬೇಳೆಯೂ ನಿಂತಿತು. ಎಣ್ಣೆಗೆ ಬೆರೆಸಿದವಳು ಬೇಳೆಗೆ ಬೆರೆಸದೆ ಇರುತ್ತಾಳಾ ಅಂತ ಲೆಕ್ಕ. ಮನೆಗೆ ಒಯ್ದು ಮೂಸಿ ನೋಡಬೇಕಾಗಿಲ್ಲ ಅನ್ನುವ ಒಂದು ನಂಬಿಕೆ ಹೋದರೆ ದಿನಸಿ ಅಂಗಡಿಯಲ್ಲಿ ಉಳಿಯುವುದು ತಕ್ಕಡಿ ಮಾತ್ರ.

ಮಾವನವರು ಪೇಪರು ಮಡಿಸಿಟ್ಟು ಹೇಳಿದರು: "ವಾಪಸ್ ತಗೊಂಡ್ಬುಡವ್ವ. ತಂದೋರ ಕೈಗೆ ದುಡ್ಡು ಕೊಟ್ಟು, ಕೈ ಮುಗುದು ಕಳ್ಸು. ನಮ್ಮಪ್ಪನ ಕಾಲ್ದಿಂದ ಹಂಗೇ ನಡ್ಕಂಡ್ ಬಂದೈತೆ. ಗಿರಾಕಿ ಜೊತೆ ವಾದ ಮಾಡಬಾರ್ದು."

"ಕೆಟ್ಟಿದ್ರೆ ತಗೋತಿದ್ದೆ ಮಾವ. ಕೆಟ್ಟಿಲ್ಲ. ಈಗ ತಗೊಂಡ್ರೆ ನಾನೇ ಒಪ್ಕೊಂಡಂಗಾಯ್ತು."

"ಒಪ್ಕೊಂಡಂಗಲ್ಲ ಕಣವ್ವ, ಮರ್ವಾದೆ ಉಳಿಸ್ಕೊಳ್ಳಾದು."

"ಯಾರ ಮರ್ವಾದೆ? ಬೆರಕೆ ಅನ್ನಿಸ್ಕಂಡು ಕೈ ಮುಗಿದ್ರೆ ಮರ್ವಾದೆ ಉಳೀತದಾ?" ನನ್ನ ದನಿ ಏರಿಬಿಟ್ಟಿತು. ಮಾವನವರು ಮತ್ತೆ ಪೇಪರು ಬಿಚ್ಚಿಕೊಂಡರು. ನಾನು ಒಳಗೆ ಇದ್ದ ಆಲಿವ್ ಎಣ್ಣೆಯ ಪೆಟ್ಟಿಗೆಗಳನ್ನೆಲ್ಲ ತಂದು ಅಂಗಡಿಯ ಬಾಗಿಲಿಗೆ ಎದುರಾಗಿ ಕಾಣುವ ಕಪಾಟಿನಲ್ಲಿ ಜೋಡಿಸಿದೆ. ಅಷ್ಟು ದಿನ ಮೂಲೆಯಲ್ಲಿದ್ದವು. ಬಿಸಿಲು ಬೀಳದ ಹಾಗೆ ಬಾಗಿಲ ಮೇಲ್ಭಾಗಕ್ಕೆ ಒಂದು ಗೋಣಿ ಪರದೆ ಕಟ್ಟಿದೆ. ಬಂದವರಿಗೆಲ್ಲ ಮೊದಲು ಅದೇ ಕಾಣಲಿ ಅಂತಲೇ ಹಾಗೆ ಮಾಡಿದೆ, ಹೌದು.

ಅದಾದ ಕೆಲವು ದಿನಕ್ಕೆ, ಸಂತೆಯ ದಿನ ಬೆಳಿಗ್ಗೆ ಮೇಡಂ ಬಂದೇ ಬಂದರು. ಜೊತೆಗೆ ಗುಂಪಿನ ಇನ್ನೊಂದಿಷ್ಟು ಜನ. ಅಂಗಡಿ ತುಂಬ ಸಂತೆಯ ಗಿರಾಕಿಗಳು ಬೇರೆ. ಮೇಡಂ ಬ್ಯಾಗಿನಿಂದ ಅದೇ ಬಾಟಲಿ ತೆಗೆದು ಗಲ್ಲಾದ ಮೇಲೆ ಇಟ್ಟರು. ಅವರು ಕೆಟ್ಟವರಲ್ಲ. ಅತಿಥಿಗಳಿಗೆ ಏನಾದರೂ ಆದರೆ ತಮ್ಮ ತಲೆಗೆ ಬರುತ್ತದೆ ಅನ್ನುವ ಹೆದರಿಕೆ ಅವರದು, ಅದು ನನಗೂ ಅರ್ಥವಾಗುತ್ತದೆ. ಆದರೆ ಅವರ ದನಿ ಎಸ್ಟೇಟಿನ ಲೈನ್ ಮನೆಗಳಲ್ಲಿ ಆಳುಗಳ ಜೊತೆ ಮಾತಾಡುವ ದನಿ.

"ಇದನ್ನ ವಾಪಸ್ ತಗೊಳಿ. ಇನ್ಮೇಲೆ ಇಂಥದ್ದು ಮಾರಲ್ಲ ಅಂತ ಗುಂಪಲ್ಲಿ ಒಂದು ಮಾತು ಬರೀರಿ. ಮುಗೀತು."

"ತಗೊಳ್ಳಲ್ಲ ಮೇಡಂ," ಅಂದೆ. "ಬರೆಯೋದೂ ಇಲ್ಲ."

ಕೊತ್ತಂಬರಿ ಬೀಜ ಅಳೆಸಿಕೊಳ್ಳುತ್ತಿದ್ದ ಹೆಂಗಸು ಚೀಲ ಹಿಡಿದುಕೊಂಡೇ ನೋಡುತ್ತಿದ್ದಳು. ಬಾಟಲಿ ಬಿಚ್ಚಿ ಚಮಚಕ್ಕೆ ಹಾಕಿಕೊಂಡು ಎಲ್ಲರ ಎದುರಿಗೆ ನುಂಗಿದೆ. ಕೆಮ್ಮು ಬಂತು, ಬಂದೇ ಬರುತ್ತದೆ. "ಇದು ಚೆನ್ನಾಗೈತೆ. ಶುದ್ಧನೋ ಅಲ್ವೋ ಅಂತ ಸಾಕ್ಷಿ ಹೇಳೋಕೆ ನನ್ನ ನಾಲಿಗೆ ಲ್ಯಾಬ್ ಅಲ್ಲ. ಲ್ಯಾಬಿಗೂ ಕಳಿಸಿದ್ದೀನಿ. ಆದ್ರೆ ತಾಜಾ ಐತೆ, ಕಮಟಿಲ್ಲ ಅಂತ ಹೇಳೋಕೆ ನನ್ನ ನಾಲಿಗೆ ಸಾಕು."

"ಮಾರೋರು ಚೆನ್ನಾಗಿಲ್ಲ ಅಂತಾರಾ?" ಅಂತ ಹಿಂದಿನಿಂದ ಯಾರೋ ಅಂದರು. ಒಂದಿಬ್ಬರು ನಕ್ಕರು. ಮೇಡಂ ಬೆತ್ತದ ಕುರ್ಚಿಯ ಕಡೆ ತಿರುಗಿದರು. "ನಿಮ್ಮ ಮಾತು ಬೇಡ. ಯಜಮಾನ್ರು ಹೇಳ್ಲಿ. ಅವರು ಮೂಸಿ ಆಗ್ಲಿ ಅಂದ್ರೆ ನಾನು ಬಾಯಿ ಮುಚ್ಕೊಂಡು ಹೋಗ್ತೀನಿ. ನಮ್ಮ ಮಾವನ ಕಾಲದಿಂದ ಅವರ ಮಾತಿಗೆ ನಾವು ಎದುರಾಡಿಲ್ಲ."

ಎಲ್ಲರೂ ಹೌದು ಹೌದು ಅಂದರು. ಇಡೀ ಅಂಗಡಿಯ ಹೆಸರನ್ನು ಹೊತ್ತಿರುವ ಆ ಮೂಗಿನಲ್ಲಿ ಈಗ ಏನೂ ಇಲ್ಲ ಅಂತ ಗೊತ್ತಿದ್ದವಳು ನಾನೊಬ್ಬಳೇ. ಅವರು ಸುಮ್ಮನೆ ಆಗ್ಲಿ ಅಂದುಬಿಟ್ಟರೆ ನಾನು ಗೆದ್ದೆ, ಆದರೆ ಸುಳ್ಳಿನ ಮೇಲೆ ಗೆದ್ದೆ. ಬ್ಯಾಡ ಅಂದರೆ ಅಲ್ಲಿಗೆ ಮುಗಿಯಿತು. "ಅವರಿಗೆ ಶೀತ ಆಗೈತೆ, ಇವತ್ತು ಬೇಡ" ಅಂತ ಬಾಯಿಗೆ ಬಂದದ್ದನ್ನು ಹೇಳುವುದರೊಳಗೆ ಮಾವನವರು ಅಂಗೈ ಚಾಚಿದರು. "ಹಾಕವ್ವ."

ತೊಟ್ಟು ಬಿಟ್ಟೆ. ಉಜ್ಜಿದರು. ಮೂಗಿಗೆ ಹಿಡಿದರು. ಕಣ್ಣು ಮುಚ್ಚಿದರು. ಈ ಸಲ ನನ್ನ ಕಡೆ ನೋಡಲೇ ಇಲ್ಲ. ಬೆರಳು ನಾಲಿಗೆಗೆ ತಾಗಿಸಿದರು, ತಡೆದರು, ಹುಬ್ಬು ಗಂಟಿಕ್ಕಿದರು. ಆಮೇಲೆ ಕ್ರಮದಲ್ಲಿ ಇಲ್ಲದ ಕೆಲಸ ಮಾಡಿದರು. "ಚಮಚದಲ್ಲಿ ಕೊಡು" ಅಂದರು.

ಕೊಟ್ಟೆ. ನುಂಗಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಶುರುವಾಯಿತು ನೋಡಿ ಕೆಮ್ಮು, ಮೈಯೆಲ್ಲ ಅಲುಗುವ ಹಾಗೆ. ಕಣ್ಣಲ್ಲಿ ನೀರು ಬಂದು ವಿಭೂತಿಯವರೆಗೂ ಮುಖ ಕೆಂಪಾಯಿತು. ನಾನು ನೀರಿಗೆ ಓಡಿದೆ. "ನೋಡಿದ್ರಾ, ನೋಡಿದ್ರಾ?" ಅಂತ ಮೇಡಂ ಜೊತೆಗೆ ಬಂದವರು ಕೂಗಿದರು. ಒಬ್ಬರು ಆಗಲೇ ಫೋನು ತೆಗೆದು ವೀಡಿಯೋ ಹಿಡಿಯುತ್ತಿದ್ದರು. ಮಾವನವರು ಕೈ ಎತ್ತಿ ಎಲ್ಲರನ್ನೂ ತಡೆದರು. ನಾನು ತಂದ ನೀರನ್ನು ಪಕ್ಕಕ್ಕೆ ಸರಿಸಿದರು.

"ಇನ್ನೊಂದು ಚಮ್ಚ ಹಾಕು," ಅಂದರು.

ಅದನ್ನೂ ನುಂಗಿ, ಕೆಮ್ಮಿ, ಕಣ್ಣೊರೆಸಿಕೊಂಡು, ಮೇಡಂ ಕಡೆ ನೋಡಿ ಮಾತಾಡಿದರು. "ತಾಯಿ, ನನ್ನ ಮೂಗು ಸತ್ತೋಗೈತೆ. ಆ ದೊಡ್ ಜ್ವರ ಬಂತಲ್ಲ, ಆವಾಗ್ಲೇ. ಊದ್ಗಡ್ಡಿ ಹಚ್ಚಿದ್ರೂ ಗೊತ್ತಾಗಾಕಿಲ್ಲ, ಹಾಲು ಉಕ್ಕಿ ಸೀದೋದ್ರೂ ಗೊತ್ತಾಗಾಕಿಲ್ಲ. ಆವಾಗ್ಲಿಂದ ಈ ಅಂಗ್ಡೀಲಿ ನಾನು ಆಗ್ಲಿ ಅಂದದ್ದೆಲ್ಲ ಇವಳು ತಲೆ ಆಡಿಸಿದ್ದು. ನೀವು ತಿಂದ ಬ್ಯಾಳೆ, ನೀವು ತಿಂದ ಎಣ್ಣೆ, ನಿಮ್ ಮನೆ ಮದ್ವೆಗೆ ಹೋದ ತುಪ್ಪ, ಎಲ್ಲಾ ಇವಳ ಮೂಗಲ್ಲಿ ಪಾಸಾಗಿ ಬಂದಿರಾದು. ಏನಾರ ಕೆಟ್ಟದ್ದು ಬಂದಿತ್ತಾ? ಹೇಳ್ರಿ ಮತ್ತೆ, ಬಂದಿತ್ತಾ?"

ನಾನು ನೀರಿನ ಲೋಟ ಹಿಡಿದುಕೊಂಡು ನಿಂತೇ ಇದ್ದೆ. ನಾನು ಜೋಪಾನ ಮಾಡಿ ಮುಚ್ಚಿಟ್ಟದ್ದನ್ನು ಅವರು ಸಂತೆಯ ದಿನ, ತುಂಬಿದ ಅಂಗಡಿಯಲ್ಲಿ, ವೀಡಿಯೋ ಆಗುತ್ತಿರುವಾಗಲೇ ಎತ್ತಿ ಒಗೆದಿದ್ದರು. ನನಗೆ ಅಳು ಬಂತು. ಅತ್ತುಬಿಟ್ಟೆ, ಮುಚ್ಚಿಡಲಿಲ್ಲ.

"ಇದ್ರ ವಾಸ್ನೆ ನಂಗೆ ಗೊತ್ತಾಗ್ಲಿಲ್ಲ," ಅಂತ ಮಾವನವರು ಬಾಟಲಿ ಎತ್ತಿಕೊಂಡರು. "ಗಂಟ್ಲಿಗೆ ಗೊತ್ತಾಯ್ತು. ಕಹಿ ಗೊತ್ತಾಯ್ತು, ಖಾರ ಗೊತ್ತಾಯ್ತು. ಬಾಯಿಗೆ ಹಾಕ್ಕಂಡದ್ದು ಹಿಂಗೆ ಗೊತ್ತಾಗಿ ಎಷ್ಟು ಕಾಲ ಆಯ್ತು ಅಂತ ನಿಮ್ಗೇನ್ ಗೊತ್ತು. ವಾಪಸ್ ತಗೊಳ್ಳವ್ವ ಇದ್ನ. ಅವರ ದುಡ್ಡು ಅವರಿಗೆ ಕೊಟ್ಬುಡು."

"ಮಾವ, ನಾನು ಹೇಳಿದ್ನಲ್ಲ, ತಗೊಳ್ಳಲ್ಲ ಅಂತ."

"ಅಂಗ್ಡಿಗಲ್ಲ ಕಣವ್ವ," ಅಂದರು. "ನಂಗೆ."

ಮೇಡಂ ದುಡ್ಡು ತೆಗೆದುಕೊಳ್ಳಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ಆಗ್ಲಿ ಅಂದರೆ ಬಾಯಿ ಮುಚ್ಚಿಕೊಂಡು ಹೋಗುತ್ತೇನೆ ಅಂದಿದ್ದರಲ್ಲ, ಹಾಗೇ ಹೋದರು. ಲ್ಯಾಬಿನ ವರದಿ ಆಮೇಲೆ ಬಂತು, ಬೆರಕೆ ಏನೂ ಇಲ್ಲ ಅಂತ. ಗುಂಪಿಗೆ ಹಾಕಿದೆ. ಒಬ್ಬರು ಕೈ ಮುಗಿಯುವ ಚಿತ್ರ ಹಾಕಿದರು, ಉಳಿದವರು ಯಾರದೋ ಹುಟ್ಟುಹಬ್ಬಕ್ಕೆ ಕೇಕು ಕಳಿಸುತ್ತಿದ್ದರು. ಹೋಂಸ್ಟೇಯವರಲ್ಲಿ ಕೆಲವರು ಮರಳಿ ಬಂದರು, ಕೆಲವರು ಇಂದಿಗೂ ಹಾಸನಕ್ಕೇ ಹೋಗುತ್ತಾರೆ. ಹೋಗಲಿ. ಆ ವೀಡಿಯೋ ಪ್ರತಿ ಚಳಿಗಾಲಕ್ಕೂ ಹೊಸದೆಂಬಂತೆ ಮತ್ತೆ ಬರುತ್ತದೆ, ನಾನೂ ಪ್ರತಿ ಚಳಿಗಾಲಕ್ಕೂ ಪೆಟ್ಟಿಗೆಗಳನ್ನು ತಂದು ಬಾಗಿಲಿಗೆ ಎದುರಾಗಿ ಜೋಡಿಸುತ್ತೇನೆ.

ಮಾಲು ಬಂದರೆ ಈಗ ಅಂಗೈ ಚಾಚುವವಳು ನಾನು. ಉಜ್ಜುತ್ತೇನೆ, ಮೂಸುತ್ತೇನೆ, ಎಲ್ಲರಿಗೂ ಕೇಳುವ ಹಾಗೆ ಆಗ್ಲಿ ಅನ್ನುತ್ತೇನೆ. ಮಾವನವರು ಪೇಪರಿನಿಂದ ತಲೆಯನ್ನೂ ಎತ್ತುವುದಿಲ್ಲ. ಮಧ್ಯಾಹ್ನ ಒಳಗೆ ಹೋಗಿ ಬಿಸಿ ಅಕ್ಕಿ ರೊಟ್ಟಿಯ ಮೇಲೆ ತಾವೇ ಆ ಎಣ್ಣೆ ಸುರಿದುಕೊಳ್ಳುತ್ತಾರೆ, ಪೂರ್ತಿ ರೊಟ್ಟಿ ಮುಗಿಸುತ್ತಾರೆ, ಇನ್ನೊಂದು ಕೇಳುತ್ತಾರೆ. ಅಷ್ಟು ಹೊತ್ತೂ ಕೆಮ್ಮು. ಅಂಗಡಿಯಲ್ಲಿ ನಿಂತ ಗಿರಾಕಿಗಳು ಒಳಗೆ ಇಣುಕುತ್ತಾರೆ.

"ಏನಕ್ಕ, ಯಜಮಾನ್ರಿಗೆ ಹುಷಾರಿಲ್ವಾ?"

"ಹುಷಾರಾಗವ್ರೆ," ಅನ್ನುತ್ತೇನೆ. "ಎಣ್ಣೆ ಚೆನ್ನಾಗೈತೆ."